ಫ್ಲೈ ಫಿಶಿಂಗ್ ಕಲತ್ರ ಉಳಿದ ಗಾಳಾನೂ ಸುಧಾರಸ್ತದೇನ್ರಿ?

ಕೆಲಗೇರಿ ಬೆಂಡು, ಪುಣೆ:

ಎಲ್ಲಾರಿಗೂ ನಮಸ್ಕಾರ್ರಿ. ನಾನು ಧಾರವಾಡದಾಂವ, ಪುಣೆಕ್ಕ ಬಂದು ಹನ್ನೊಂದು ವರ್ಷ ಆತು, ಮನಿ ವಾರ್ಜೆದಾಗ. ಸಣ್ಣಾಂವ ಇದ್ದಾಗ ಕೆಲಗೇರಿ ಕೆರಿ ದಂಡಿಗೆ ಕುಂತು ಬಿದಿರ ಕೋಲು, ನವಿಲುಗರಿ ದಂಟಿನ ಬೆಂಡು, ಎರೆಹುಳ ಇಟ್ಕೊಂಡು ಮೀನ ಹಿಡಕೋತ ಬೆಳದಾಂವ. ಈಗ ನಾಕೈದು ವರ್ಷದಿಂದ 7 ಫೂಟಿನ ಸ್ಪಿನ್ನಿಂಗ್ ರಾಡ್, ಹೆಣದ ಬ್ರೇಡ್ ಲೈನು, ಮೀನಿಗೆ ಮೋಸ ಮಾಡೋ ರಬ್ಬರ್ ಕಪ್ಪಿ, ಒಂದೆರಡು ತಗಡಿನ ಸ್ಪೂನು, ಇಷ್ಟ ನನ್ನ ಸಾಮಾನು. ರವಿವಾರ ನಸುಕಿನ್ಯಾಗ ಪಾನಶೆತ್, ಮುಳಶಿ ಕಡೆ ಹಿನ್ನೀರಿಗೆ ಹೋಗ್ತೀನಿ, ಎಲ್ಲಿ ಬಿಡ್ತಾರೋ ಅಲ್ಲಿ ಕೇಳ್ಕೊಂಡು ಹಾಕ್ತೀನಿ. ಮುಖ್ಯ ಕೊರವ ಮೀನ, ಇಲ್ಲಿ ಮರಾಠಿಯೊಳಗ ಮರಳ್ ಅಂತಾರಲ್ಲ, ಅದು.

ಹೋದ ತಿಂಗಳ ಗೆಳೆಯಾ ಒಬ್ಬಾಂವ ಹಿಮಾಚಲಕ್ಕ ಹೋಗಿ ತೀರ್ಥನ್ ಕಣಿವ್ಯಾಗ ಲೈಸೆನ್ಸ್ ತಗಸಿ ನಾಕ ದಿನ ಫ್ಲೈ ಫಿಶಿಂಗ್ ಮಾಡಿ, ಅಂದ್ರ ಗರಿ ಸುತ್ತಿ ಹುಳದಂಗ ಮಾಡಿದ ಕೊಕ್ಕಿ ಎಸದು, ಟ್ರೌಟ್ ಅನ್ನೋ ತಣ್ಣೀರಿನ ಮೀನ ಹಿಡದು ಬಂದ. ಬಂದಾಗಿಂದ ಅವಂದು ಒಂದ ಮಾತು, ಫ್ಲೈ ಕಲಿಯಪಾ, ಉಳಿದಿದ್ದೆಲ್ಲಾ ತಾನ ಬರ್ತದ, ಫ್ಲೈ ಬಂದಾಂವ ಯಾವ ಗಾಳಾ ಹಿಡದ್ರೂ ಒಂದ ಕೈ ಮ್ಯಾಲ ಇರ್ತಾನ ಅಂತ. ಅವನ ರಾಡ್ ಇಸ್ಕೊಂಡು ಸೊಸೈಟಿ ಹುಲ್ಲಿನ ಮ್ಯಾಲೆ ಅರ್ಧಾ ತಾಸು ಎಸದು ನೋಡಿದೆ, ದಾರ ಎಲ್ಲಾ ಕಾಲಾಗ ಗುಪ್ಪಿ ಬೀಳ್ತದ, ಮುಂದ ಹೋಗವಲ್ದು. ನಮ್ಮ ಕಡೆ ನೀರಾಗ ಟ್ರೌಟ್ ಅಂತೂ ಇಲ್ಲ. ಹಂಗಾದ್ರ ಇದಕ್ಕ ರೊಕ್ಕಾನೂ ರವಿವಾರಾನೂ ಹಾಕಿ ಕಲತ್ರ ನನ್ನ ಸ್ಪಿನ್ನಿಂಗು, ಬೆಂಡಿನ ಗಾಳ ಖರೇನ ಸುಧಾರಸ್ತಾವೋ, ಇಲ್ಲಾ ಇದು ಬ್ಯಾರೇನ ಒಂದ ವಿದ್ಯಾನೋ? ಎರಡೂ ಮಾಡಿದವ್ರು ದಯವಿಟ್ಟು ಹೇಳ್ರಿ.

ಕಾಂಡ್ಲಾ ಸಂದಿ, ಮಡಗಾಂವ್:

ನಾನು ಕಾರವಾರದವ, ಮಡಗಾಂವಲ್ಲಿ ಕೆಲಸ. ಸಾಳ್ ನದಿ ಬೇತುಲ್ ಹತ್ರ ಸಮುದ್ರ ಸೇರ್ತದಲ್ಲ, ಅಲ್ಲಿಂದ ಮೇಲಕ್ಕೆ ಇರೋ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಸಂದಿಗಳಲ್ಲಿ ಎಂಟು ವರ್ಷದಿಂದ ಗಾಳ ಹಾಕ್ತಾ ಇದ್ದೇನೆ, ಅದರಲ್ಲಿ ಐದು ವರ್ಷ ಫ್ಲೈ. ಮೊದಲು ನಿಮ್ಮ ಕಾಲಿಗೆ ಬೀಳೋ ದಾರದ ವಿಷಯ ಹೇಳಿ ಮುಗಿಸ್ತೇನೆ.

ಸ್ಪಿನ್ನಿಂಗಲ್ಲಿ ತೂಕ ಇರೋದು ಲೂರಲ್ಲಿ, ಅಂದ್ರೆ ನಿಮ್ಮ ಸ್ಪೂನು, ಕಪ್ಪೆಯಂಥ ನಕಲಿ ಎರೆಯಲ್ಲಿ, ಅದು ಹಾರ್ತದೆ, ದಾರ ಅದರ ಬೆನ್ನಿಗೆ ಹೋಗ್ತದೆ. ಫ್ಲೈಯಲ್ಲಿ ತಿರುಗಾಮುರುಗಾ. ಕೊಕ್ಕೆಗೆ ಸುತ್ತಿದ ಗರಿ, ಕೂದಲಿಗೆ ತೂಕ ಇಲ್ಲ ಅಂತಲೇ ಲೆಕ್ಕ, ತೂಕ ಇರೋದು ಆ ದಪ್ಪ ದಾರಕ್ಕೆ. ಫ್ಲೈ ಲೈನಿಗೆ ತೂಕದ ನಂಬರ್ ಇರ್ತದೆ, 5 ವೇಯ್ಟ್ ಲೈನ್ ಅಂದ್ರೆ ಅದರ ಮೊದಲ 30 ಅಡಿ ಸುಮಾರು 9 ಗ್ರಾಂ, 8 ವೇಯ್ಟ್ ಅಂದ್ರೆ ಹದಿಮೂರೂವರೆ ಗ್ರಾಂ. ಆ ದಾರ ನಿಮ್ಮ ಬೆನ್ನ ಹಿಂದೆ ಪೂರ್ತಿ ಬಿಚ್ಚಿ ನೆಟ್ಟಗಾಗೋ ತನಕ ನೀವು ಕಾಯ್ಬೇಕು, ಆಮೇಲೆ ಮುಂದಕ್ಕೆ ತಂದ್ರೆ ಮಾತ್ರ ರಾಡ್ ಬಗ್ಗಿ ಅದನ್ನ ಒಯ್ತದೆ. ನೀವು ಸ್ಪಿನ್ನಿಂಗ್ ರೂಢಿಯಲ್ಲಿ ಕಾಯದೇ ಬೀಸಿರ್ತೀರಿ, ಮಣಿಕಟ್ಟು ಸಡಿಲ ಬಿಟ್ಟಿರ್ತೀರಿ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಮುಂದೆ ಹತ್ತಕ್ಕೆ, ಹಿಂದೆ ಒಂದಕ್ಕೆ ತಟ್ಟಂತ ನಿಲ್ಲಿಸಿ, ಕುತ್ತಿಗೆ ತಿರುಗಿಸಿ ಹಿಂದಿನ ದಾರ ಕಣ್ಣಾರೆ ನೋಡಿ. ಒಂದು ವಾರದಲ್ಲಿ 30 ಅಡಿ ಹೋಗ್ತದೆ.

ಈಗ ನಿಮ್ಮ ಪ್ರಶ್ನೆ. ನಂದು ಸುಧಾರಿಸಿತು, ಆದರೆ ಎಸೆಯೋ ಕಲೆಯಿಂದ ಅಲ್ಲ. ಫ್ಲೈ ನನ್ನ ಕೈಯಿಂದ ದೂರವನ್ನ ಕಿತ್ಕೊಂಡಿತು, ಅದರಿಂದ. ಮೊದಲು ದೋಣಿಧಕ್ಕೆ ಮೇಲೆ ನಿಂತು 50 ಮೀಟರ್ ಆಚೆಗೆ ಲೂರ್ ಎಸೆದು ಎಳೀತಿದ್ದೆ, ಅಷ್ಟು ನೀರು ಸುತ್ತಿದ್ರೆ ಎಲ್ಲೋ ಒಂದು ಮೀನು ಸಿಕ್ಕೇ ಸಿಗ್ತದೆ ಅನ್ನೋ ನಂಬಿಕೆ. ಫ್ಲೈ ಹಿಡಿದ ಮೇಲೆ ನನ್ನ ಮಿತಿ 40 ಅಡಿ, ಮಧ್ಯಾಹ್ನದ ಸಮುದ್ರದ ಗಾಳಿ ಎದ್ರೆ ಅದೂ ಇಲ್ಲ. ಅಂದ್ರೆ ಮೀನಿನ ಹತ್ರ ನಾನೇ ಹೋಗ್ಬೇಕು, ಹೋಗೋದಕ್ಕೆ ಮೊದಲು ಅದು ಎಲ್ಲಿ ನಿಂತಿದೆ ಅಂತ ಗೊತ್ತಿರ್ಬೇಕು, ಹೋದ ಮೇಲೆ ಅದಕ್ಕೆ ನಾನು ಗೊತ್ತಾಗ್ಬಾರದು.

ಒಂದು ನವೆಂಬರ್ ಬೆಳಿಗ್ಗೆ, ಭರತಿ ಇಳೀತಾ ಇತ್ತು. ಕಾಂಡ್ಲಾ ಬೇರುಗಳ ನಡುವಿಂದ ಒಂದು ಸಣ್ಣ ಕಾಲುವೆ ನದಿಗೆ ಬೀಳೋ ಜಾಗ, ಬಾಗಿಲಷ್ಟೇ ಅಗಲ. ಮೊಣಕಾಲು ಮಟ್ಟ ಕೆಸರಲ್ಲಿ ಅಲುಗಾಡದೆ ನಿಂತಿದ್ದೆ. ಒಳಗಿನ ನೀರೆಲ್ಲ ಬಸಿದು ಬರುವಾಗ ಸಿಗಡಿ ಮರಿಗಳು ಅದರ ಜೊತೆ ಬರ್ತಿದ್ವು, ಸಾಸಿವೆ ಸಿಡಿದ ಹಾಗೆ ನೀರ ಮೇಲೆ ಚಿಟಪಟ. ಕಂದು ನೀರು ಮತ್ತು ಹಸಿರು ನೀರು ಸೇರೋ ಗೆರೆ ಉಂಟಲ್ಲ, ಆ ಗೆರೆಯ ಈ ಬದಿಗೆ "ಬೊಫ್" ಅಂತ ಒಂದು ಸದ್ದು. ಚೊಣಕ್ ಅನ್ನೋ ದೊಡ್ಡ ಮೀನು ಬಾಯಿ ತೆರೆದು ನೀರಿನ ಸಮೇತ ಸಿಗಡಿ ಒಳಗೆಳ್ಕೊಳ್ಳೋ ಸದ್ದು ಅದು. ನನ್ನಿಂದ ಇಪ್ಪತ್ತೈದು ಅಡಿ ಇರ್ಬಹುದು. ಮೂರು ವರ್ಷ ನಾನು ಆ ಜಾಗದ ತಲೆ ಮೇಲಿಂದ ಲೂರ್ ಹಾರಿಸಿ ನಡು ಹೊಳೆಗೆ ಎಸೀತಾ ಇದ್ದೆ!

ಅವತ್ತು ಮೊದಲ ಮೀನು ತಪ್ಪಿಸ್ಕೊಂಡಿತು. ಅದು ಬಾಯಿ ಹಾಕಿದ ತಕ್ಷಣ ನಾನು ರಾಡ್ ಮೇಲೆತ್ತಿದೆ. ಟ್ರೌಟಿಗೆ ಹಾಗೆ ಎತ್ತಿದ್ರೆ ಸಾಕು, ಚೊಣಕ್ ಬಾಯಿ ಗಟ್ಟಿ, 9 ಅಡಿ ಮೆತ್ತನೆ ರಾಡ್ ಆ ಎಳೆತವನ್ನೆಲ್ಲ ತಾನೇ ನುಂಗ್ತದೆ, ಕೊಕ್ಕೆ ನಾಟೋದಿಲ್ಲ. ರಾಡಿನ ತುದಿ ತಗ್ಗಿಸಿ ಮೀನಿನ ಕಡೆ ನೆಟ್ಟಗೆ ಇಟ್ಟು ಎಡಗೈಯಲ್ಲಿ ದಾರ ಜಗ್ಗಬೇಕು. ನಿಮ್ಮ ಗೆಳೆಯರು ಹಿಮಾಚಲದಲ್ಲಿ ಕಲಿತದ್ದನ್ನ ಇಲ್ಲಿ ಬಂದು ಸ್ವಲ್ಪ ಮರೀಬೇಕಾಗ್ತದೆ ಅಂತ ಅದಕ್ಕೇ ಹೇಳ್ತೇನೆ. ಎರಡನೇದು ಸಿಕ್ಕಿತು, ಬಿಟ್ಟೆ. ದೊಡ್ಡ ಚೊಣಕ್ ಹೆಚ್ಚಿನವು ಹೆಣ್ಣು, ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗೋ ಜಾತಿ ಅದು, ದೊಡ್ಡದನ್ನ ಒಯ್ದ್ರೆ ಮೊಟ್ಟೆ ಇಡೋರೇ ಇರೋದಿಲ್ಲ.

ಈಗ ಸ್ಪಿನ್ನಿಂಗ್ ರಾಡ್ ಹಿಡಿದು ಹೋದಾಗಲೂ ಬೆಳಿಗ್ಗೆಗೆ ಮೂವತ್ತು ಸಲ ಎಸೀತೇನೋ ಏನೋ, ಮೊದಲು ಇನ್ನೂರಕ್ಕೂ ಮೇಲೆ ಆಗ್ತಿತ್ತು. ಸಿಗೋದು ಈಗಲೇ ಜಾಸ್ತಿ.

ಉದ್ಯಾವರ ಹೊಳೆ, ಡೊಂಬಿವಲಿ:

ಕಾಂಡ್ಲಾ ಸಂದಿಯವರು ಚಂದ ಬರೆದಿದ್ದಾರೆ, ಆದ್ರೆ ಮಾರಾಯ್ರೆ ನನಗೆ ಅರ್ಧ ಮಾತ್ರ ಒಪ್ಪಿಗೆ. ಹತ್ರ ಹೋಗಿ ನೋಡ್ಲಿಕ್ಕೆ ಫ್ಲೈಯೇ ಬೇಕಂತ ಉಂಟಾ? ನಮ್ಮ ಅಪ್ಪ ಉದ್ಯಾವರ ಹೊಳೆಯಲ್ಲಿ ರಾಡೇ ಇಲ್ಲದೆ ಬರೀ ಕೈದಾರ, ತುದಿಗೆ ಸೀಸ, ಸಿಗಡಿ ಸಿಕ್ಕಿಸಿ ಕಾಣೆ ಮೀನು ಹಿಡೀತಿದ್ರು. ದಾರ ತೋರುಬೆರಳ ಮೇಲೆ ಹಾದು ಹೋಗ್ತಿತ್ತು, ಕಣ್ಣು ಬೇರೆ ಎಲ್ಲೋ, ಇದು ಏಡಿ ಮೆಲ್ಲಗೆ ಎಳೆಯುದು, ಇದು ಕಾಣೆ ಎರಡು ಸಲ ಕುಟ್ಟುದು, ಇದು ಸೀಸ ಕಲ್ಲಿಗೆ ತಾಗಿದ್ದು ಅಂತ ಹೇಳಿ ಬಿಡ್ತಿದ್ರು. ನನ್ನ ಬೆರಳನ್ನ ದಾರದ ಮೇಲೆ ಇಟ್ಟು ಅವರ ಬೆರಳನ್ನ ಅದರ ಮೇಲೆ ಇಟ್ಟು ಕಲಿಸಿದ್ರು ಆಯ್ತಾ. ಆ ತಳದ ಸುದ್ದಿ ತೇಲುವ ಫ್ಲೈ ಲೈನಿನಲ್ಲಿ ಎಲ್ಲಿಂದ ಬರ್ಬೇಕು?

ಇನ್ನೊಂದು, ಪುಣೆಯವರಿಗೆ ಸಿಗುವ ಮೀನು ಯಾವುದು ನೋಡಿ. ನಾನು ಪೊವೈ ಕೆರೆಯಲ್ಲಿ, ಮಹಾರಾಷ್ಟ್ರ ಸ್ಟೇಟ್ ಆ್ಯಂಗ್ಲಿಂಗ್ ಅಸೋಸಿಯೇಷನ್ನಿನ ಜಾಗದಲ್ಲಿ, ಹಳೆಬರ ಪಕ್ಕ ಕೂತು ಕಟ್ಲಾ ಹಿಡಿಯುದನ್ನ ನೋಡಿದ್ದೇನೆ. ಕಟ್ಲಾ ಮೇಲ್ಮಟ್ಟದಲ್ಲಿ ತೇಲುವ ಕಣ್ಣಿಗೆ ಕಾಣದ ಜೀವಿಗಳನ್ನ ಸೋಸಿ ತಿನ್ನುವ ಮೀನು, ರೋಹು ನಡು ನೀರಿನದ್ದು, ಮೃಗಾಲ್ ತಳದ್ದು. ಕಟ್ಲಾಕ್ಕೆ ಹಿಟ್ಟು ನೀರಲ್ಲಿ ಕರಗಿ ಮೋಡದ ಹಾಗೆ ಹರಡ್ಬೇಕು, ಆ ಮೋಡದ ಒಳಗೆ ಕೊಕ್ಕೆ ಇರ್ಬೇಕು. ಹಿಟ್ಟು ಎಷ್ಟು ಗಟ್ಟಿ, ಎಷ್ಟು ನಿಮಿಷಕ್ಕೆ ಒಡೀಬೇಕು, ಬೆಂಡಿನಿಂದ ಎಷ್ಟು ಆಳ, ಇದೊಂದು ಬೇರೆಯೇ ಶಾಸ್ತ್ರ. ಫ್ಲೈ ಮಾತ್ರ ಮಾಡುವ ಒಬ್ಬರನ್ನ ಅಲ್ಲಿ ಕರ್ಕೊಂಡು ಹೋಗಿದ್ದೆ, ಬಹಳ ನುರಿತವರು, ಆದ್ರೆ ಆ ದಿನ ಅವರಿಗೆ ಬೆಂಡು ಎಷ್ಟು ಆಳಕ್ಕೆ ಕಟ್ಟುದು ಅಂತ ಮೊದಲಿಂದ ಹೇಳಿ ಕೊಡ್ಬೇಕಾಯ್ತು. ಎಲ್ಲ ಥರದ ಗಾಳ ಬರ್ಬೇಕಾದ್ರೆ ಎಲ್ಲ ಥರದ ಗಾಳ ಹಾಕ್ಬೇಕು, ಒಂದರಿಂದ ಉಳಿದದ್ದೆಲ್ಲ ತಾನಾಗಿ ಬರುದಿಲ್ಲ.

ಕಾಂಡ್ಲಾ ಸಂದಿ, ಮಡಗಾಂವ್:

ತಳದ ಸುದ್ದಿ ಫ್ಲೈಯಲ್ಲಿ ಕಮ್ಮಿ, ಅದು ಒಪ್ಪಿದೆ. ಇಲ್ಲಿ ಮಳೆಗಾಲದಲ್ಲಿ ನೀರು ಚಹಾದ ಬಣ್ಣ ಆದಾಗ ನಾನೂ ಸೀಸ, ಸಿಗಡಿಗೇ ವಾಪಸ್ ಹೋಗ್ತೇನೆ. ಆದರೆ ನಿಮಗೆ ಬೆರಳು ಹಿಡಿದು ಕಲಿಸೋಕೆ ಅಪ್ಪ ಇದ್ರು. ದೊಡ್ಡವನಾದ ಮೇಲೆ ಅಂಗಡಿಯಿಂದ ರಾಡ್ ತಂದು ಒಬ್ಬನೇ ಶುರು ಮಾಡಿದ ನನ್ನಂಥವರಿಗೆ ನಿಲ್ಲಿಸಿ ನೋಡು ಅಂತ ಹೇಳೋರು ಯಾರಿದ್ರು? ನನಗೆ ಆ ಕೆಲಸ ಫ್ಲೈ ರಾಡ್ ಮಾಡಿತು.

ಕಾವೇರಿ ಮಗಳು, ಪುಣೆ:

ನಾನು ಮೈಸೂರಿನವಳು, ಔಂಧ್‌ನಲ್ಲಿ ಇದೀನಿ, ಒಂಬತ್ತು ವರ್ಷದಿಂದ ಫ್ಲೈ ಮತ್ತೆ ಬೆಂಡು ಎರಡೂ ಮಾಡ್ತೀನಿ. ಇಬ್ರೂ ಹೇಳದೇ ಇರೋದು ಒಂದಿದೆ. ಫ್ಲೈ ಕಟ್ಟಬೇಕು ಅಂದ್ರೆ ಮೀನು ಇವತ್ತು ಏನು ತಿಂತಾ ಇದೆ ಅಂತ ಹುಡುಕಲೇಬೇಕು. ನಾನು ಹರಿಯೋ ನೀರಿಗೆ ಹೋದ್ರೆ ಮೊದಲು ಕಾಲು ಮುಳುಗೋ ಜಾಗದಲ್ಲಿ ನಾಲ್ಕು ಕಲ್ಲು ಎತ್ತಿ ನೋಡ್ತೀನಿ, ಕೆಳಗೆ ಚಪ್ಪಟೆ ಹುಳ, ಮರಳು ಕಣ ಅಂಟಿಸ್ಕೊಂಡು ಗೂಡು ಕಟ್ಟಿರೋ ಕ್ಯಾಡಿಸ್ ಹುಳ, ಬೆರಳುಗುರಿನಷ್ಟು ಏಡಿ ಇರುತ್ತೆ. ನೋಡ್ಬಿಟ್ಟು ಕಲ್ಲು ಹಾಗೇ ವಾಪಸ್ ಇಡ್ತೀನಿ. ಚಿಕ್ಕಂದಿನಲ್ಲಿ ಕಾವೇರಿ ದಡದಲ್ಲಿ ಬರೀ ರಾಗಿ ಹಿಟ್ಟಿನ ಉಂಡೆ ಹಾಕ್ತಿದ್ದಾಗ ಈ ಯೋಚನೆನೇ ಬಂದಿರ್ಲಿಲ್ಲ.

ಮತ್ತೆ ಸೆಳವು. ಫ್ಲೈ ನೀರಿನ ಮೇಲಿನ ನೊರೆಗುಳ್ಳೆ ಹೋಗೋ ವೇಗದಲ್ಲೇ ಹೋಗ್ಬೇಕು, ದಾರ ನಡುವೆ ಹೊಟ್ಟೆ ಬಿಟ್ಟು ಅದನ್ನ ಎಳೆದ್ರೆ ಮೀನು ತಿರುಗಿ ನೋಡಲ್ಲ, ಅದಕ್ಕೆ ದಾರವನ್ನ ಎತ್ತಿ ಮೇಲ್ಸೆಳವಿನ ಕಡೆ ಹಾಕ್ತಾ ಇರ್ಬೇಕು. ಇದನ್ನ ಕಲಿತ ಮೇಲೆ ನನ್ನ ಬೆಂಡು ನೋಡಿದೆ, ಇಷ್ಟು ವರ್ಷ ಅದು ಗುಳ್ಳೆಗಿಂತ ಜೋರಾಗಿ ಓಡ್ತಿತ್ತು! ಈಗ ಬೆಂಡಿನ ದಾರನೂ ಹಾಗೇ ಎತ್ತಿ ಹಾಕ್ತೀನಿ, ಸಣ್ಣ ಮೀನು ಕಚ್ಚೋದು ಕಣ್ಣಿಗೆ ಕಾಣೋ ಹಾಗೆ ಹೆಚ್ಚಾಯ್ತು.

ಟ್ರೌಟ್ ಇಲ್ಲ ಅಂತ ಬೇಜಾರು ಬೇಡಿ. ನಮ್ಮ ಕಾವೇರಿ ಕಡೆ ಬಿಳಿ ಮೀನು ಅಂತಾರಲ್ಲ ಆ ಮಹಶೀರ್ ಕುಲದ ಟಾರ್ ಖುದ್ರಿ ಅನ್ನೋ ಜಾತಿಗೆ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಸೈಕ್ಸ್ 1839ರಲ್ಲಿ ಹೆಸರಿಟ್ಟಿದ್ದು ನಿಮ್ಮ ಮುಳಾ-ಮುಠಾ ನದಿಯಲ್ಲಿ ಸಿಕ್ಕ ಮೀನು ನೋಡಿ. ಇವತ್ತು ಊರೊಳಗೆ ಆ ನದಿ ದಾಟುವಾಗ ನೀರಿನ ಬಣ್ಣ ನೋಡಿ ಹೊಟ್ಟೆ ಉರಿಯುತ್ತೆ. ಲೋನಾವಳ ವಲವಣದಲ್ಲಿ ಟಾಟಾ ಪವರ್‌ನವರು ದಶಕಗಳಿಂದ ಮಹಶೀರ್ ಮರಿ ಮಾಡಿಸ್ತಾ ಬಂದಿದ್ದಾರೆ. ಮಹಶೀರ್ ಸಿಕ್ಕಿದ್ರೆ ಮುಳ್ಳಿಲ್ಲದ ಕೊಕ್ಕೆಯಿಂದ, ಕೈ ಒದ್ದೆ ಮಾಡ್ಕೊಂಡು, ನೀರಲ್ಲೇ ಬಿಡಿಸಿ.

ಲೈನ್ ಕೊಳ್ಳುವಾಗ ಬಿಸಿ ಪ್ರದೇಶದ್ದು ಅಂತ ಕೇಳಿ, ಅದನ್ನ ಟ್ರಾಪಿಕಲ್ ಅಂತಾರೆ. ತಣ್ಣೀರಿಗೆ ಮಾಡಿರೋ ಲೈನ್ ನಮ್ಮ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ರಿಂಗಿಗೆ ಅಂಟ್ಕೊಳ್ಳುತ್ತೆ. ಹುಲ್ಲಿನ ಮೇಲೆ ಅಭ್ಯಾಸ ಮಾಡುವಾಗ ಕೊಕ್ಕೆ ಬೇಡ, ತುದಿಗೆ ಉಲ್ಲನ್ ಚೂರು ಕಟ್ಟಿ, ಮಕ್ಕಳು ಓಡಾಡೋ ಜಾಗ ಅದು.

ಕೆಲಗೇರಿ ಬೆಂಡು, ಪುಣೆ:

ಎಲ್ಲಾರಿಗೂ ಮನಸಾ ಧನ್ಯವಾದ್ರಿ. ಈ ರವಿವಾರ ರಾಡ್ ಬದಲಸಲಿಲ್ಲ, ಸ್ಪಿನ್ನಿಂಗ್ ರಾಡ್ ಒಯ್ದು ಮಡಗಾಂವದವ್ರ ಮಾತು ಹಿಡದೆ, 40 ಅಡಿ ದಾಟಿ ಎಸಿಯೂದಿಲ್ಲ, ಮೊದಲ ಅರ್ಧಾ ತಾಸು ಬರೇ ನೋಡೂದು ಅಂತ. ಪಾನಶೆತ್ ಹಿನ್ನೀರಿನ ಒಂದ ಬಂಡಿಗಲ್ಲಿನ ಮ್ಯಾಲ ಕುಂತೆ. ಹತ್ತ ನಿಮಿಷ ಏನೂ ಇಲ್ಲ. ಆಮ್ಯಾಲೆ ಹುಲ್ಲಿನ ಅಂಚಿಗೆ ಕೊರವ ಉಸುರಿಗೆ ಮ್ಯಾಲ ಬಂತು, ಮೂಗು ಅಷ್ಟ ಕಂಡ್ತು, ಒಂದ ಗುಳ್ಳಿ ಬಿಟ್ಟು ಕೆಳಗ ಹೋತು. ಸ್ವಲ್ಪ ಹೊತ್ತಿಗೆ ಅದ ಜಾಗಾಕ್ಕ ಮತ್ತ ಬಂತು. ದಿಟ್ಟಿಸಿ ನೋಡಿದ್ರ ಅದರ ಮ್ಯಾಲ ಕೆಂಪನ ಮರಿಗೋಳ ಗುಂಪು, ಅಂಗೈ ಅಗಲ, ಕುದಿಯೋ ನೀರಿನಂಗ ಅಲುಗಾಡಾಕತ್ತಿತ್ತು. ತಾಯಿ-ತಂದಿ ಮರಿ ಕಾಯಾಕತ್ತಾವು ಅಂತ ಅಲ್ಲಿ ಗಾಳ ಹಾಕಲಿಲ್ಲ. ಆ ಜಾಗದಾಗ ನಾನು ಎಷ್ಟ ಸಲ ಕಪ್ಪಿ ಎಸದೀನಿ ಅಂತ ನೆನಸ್ಕೊಂಡು ಎದಿ ಭಾರ ಆತು.

ಮುಂದ ನೂರ ಹೆಜ್ಜಿ ಆಚೆ ಇನ್ನೊಂದು ಕಂಡ್ತು, ಒಂದ. ಬಗ್ಗಿ ಹೋಗಿ ಮೂವತ್ತ ಅಡಿಯಿಂದ ಅದರ ಮಗ್ಗಲಿಗೆ ಎಸದೆ, ಹಿಂದ ನೀರು ಉಬ್ಬಿ ಬಂತು, ಬಾಯಿ ಹಾಕಲಿಲ್ಲ, ತಿರಗಿ ಹೋತು. ದಿನಕ್ಕ ಐದ ಸಲ ಎಸದಿರಬೇಕು, ಐದೂ ಸಲ ಎದರಾಗ ಮೀನ ಇತ್ತು ಅಂತ ಗೊತ್ತಿದ್ದ ಎಸದೆ, ಹಿಂಗ ನನಗ ಎಂದೂ ಆಗಿದ್ದಿಲ್ಲ.

ಗೆಳೆಯನ ರಾಡ್ ಒಂದ ತಿಂಗಳಿಗೆ ಇಸ್ಕೊಂಡೀನಿ, ಅದು 5 ವೇಯ್ಟ್. ಕೊರವ ಹುಲ್ಲಾಗ ನುಗ್ಗಿದ್ರ ಇದು ತಡೀತದೇನ್ರಿ, ಇಲ್ಲಾ ನೀವು ಹೇಳಿದ 8 ಬೇಕೋ? ಮುಂದಿನ ರವಿವಾರದೊಳಗ ಯಾರರ ಹೇಳ್ರಿ.