ಸಂಸ್ಕರಿಸಿದ ಟ್ಯಾಂಕರ್ ನೀರಿನಲ್ಲಿ ಮೋಲ್ಡ್ ಹಾಕಬಹುದೇ?

ಪ್ರಶ್ನೆ:
ಬೆಂಗಳೂರಿನ ಹೊರವಲಯದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. 2024ರ ಬೇಸಿಗೆಯಲ್ಲಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಬಾರದೆಂದು ಜಲಮಂಡಳಿ ಆದೇಶಿಸಿದ್ದು ನೆನಪಿದ್ದುದರಿಂದ ಸಂಸ್ಕರಿಸಿದ ನೀರಿನ (ಶುದ್ಧೀಕರಿಸಿದ ಕೊಳಚೆ ನೀರು) ಟ್ಯಾಂಕರನ್ನೇ ತರಿಸಿ ಕಂಬಗಳನ್ನು ಹಾಕಿಸಿದೆವು. ಏಳನೇ ದಿನದ ಕ್ಯೂಬ್ ಪರೀಕ್ಷೆ (ಅದೇ ಕಾಂಕ್ರೀಟಿನ ಘನಾಕಾರದ ತುಂಡನ್ನು ಒತ್ತಿ ಬಲ ಅಳೆಯುವುದು) ಚೆನ್ನಾಗಿಯೇ ಬಂದಿದೆ. ಆದರೆ ಈಚೆಗೆ ಬರುತ್ತಿರುವ ನೀರಿಗೆ ತುಸು ವಾಸನೆಯಿದೆ, ಬಕೆಟ್ಟಿಗೆ ಸುರಿದರೆ ನೊರೆ ಏಳುತ್ತದೆ. ಕ್ಯೂಬ್ ಪಾಸಾದ ಮೇಲೆ ನೀರಿನ ಚಿಂತೆ ಬೇಡವೆಂದು ಮೇಸ್ತ್ರಿ ಹೇಳುತ್ತಾರೆ. ಮುಂದಿನ ವಾರ ಮೋಲ್ಡ್ (ಛಾವಣಿಯ ಕಾಂಕ್ರೀಟ್ ಹಾಕುವುದು) ಇದೆ. ಏನು ಮಾಡಲಿ?

ಉತ್ತರ 1:
ದಯವಿಟ್ಟು ನೀರಿನ ಪರೀಕ್ಷೆಯ ವರದಿ ಬರುವವರೆಗೆ ಮೋಲ್ಡ್ ಹಾಕಿಸಬೇಡಿ. ಕ್ಯೂಬ್ ಹೇಳುವುದು ಕಾಂಕ್ರೀಟಿನ ಬಲವನ್ನು ಮಾತ್ರ. ಒಳಗಿನ ಕಬ್ಬಿಣದ ಗತಿಯನ್ನು ಅದು ಹೇಳುವುದಿಲ್ಲ. ನೀರಿನಲ್ಲಿ ಕ್ಲೋರೈಡ್ (ಉಪ್ಪಿನ ಅಂಶ) ಹೆಚ್ಚಿದ್ದರೆ ಸಿಮೆಂಟ್ ಬೇಗ ಗಟ್ಟಿಯಾಗಿ ಆರಂಭದ ಬಲ ಹೆಚ್ಚಾಗಿಯೇ ಕಾಣಬಹುದು, ಆದರೆ ಅದೇ ಕ್ಲೋರೈಡ್ ಕಂಬಿಯನ್ನು ಕಾಯುವ ತೆಳುಪದರವನ್ನು ಒಡೆದು ತುಕ್ಕು ಹಿಡಿಸುತ್ತದೆ, ಮತ್ತು ತುಕ್ಕು ಉಬ್ಬಿದಂತೆ ಮೇಲಿನ ಕಾಂಕ್ರೀಟ್ ಸೀಳುತ್ತದೆ. ಇದೇ ಕಾರಣಕ್ಕೆ ಐಎಸ್ 456:2000 ಎಂಬ ಭಾರತೀಯ ಕಾಂಕ್ರೀಟ್ ಮಾನಕವು ಕಬ್ಬಿಣವಿಲ್ಲದ ಕಾಂಕ್ರೀಟಿಗೆ ಲೀಟರಿಗೆ 2000 ಮಿಲಿಗ್ರಾಂ ಕ್ಲೋರೈಡನ್ನು ಒಪ್ಪಿದರೂ ಆರ್‌ಸಿಸಿಗೆ (ಕಂಬಿ ಹಾಕಿದ ಕಾಂಕ್ರೀಟಿಗೆ) 500 ಮಿಲಿಗ್ರಾಂ ಮಾತ್ರ ಒಪ್ಪುತ್ತದೆ. ಸಲ್ಫೇಟ್ 400, ಸಾವಯವ ಪದಾರ್ಥ 200 ಮಿಲಿಗ್ರಾಂ ಮೀರಬಾರದು; ಪಿಎಚ್ (ಆಮ್ಲೀಯತೆಯ ಅಳತೆ) 6ಕ್ಕಿಂತ ಕೆಳಗಿರಬಾರದು.

ನನಗೆ ಹೆಚ್ಚು ಆತಂಕವಾಗಿರುವುದು ಆ ನೊರೆಯ ಬಗ್ಗೆ. ಅದು ಸಾಬೂನಿನ ಅಂಶವಾಗಿದ್ದರೆ ಕಲಸುವಾಗ ಗಾಳಿಯ ಗುಳ್ಳೆಗಳು ಕಾಂಕ್ರೀಟಿನಲ್ಲಿ ಉಳಿಯುತ್ತವೆ, ಮತ್ತು ಗಾಳಿ ಶೇ. 1ರಷ್ಟು ಹೆಚ್ಚಾದರೆ ಬಲ ಸುಮಾರು ಶೇ. 5ರಷ್ಟು ಇಳಿಯುತ್ತದೆ. ಅನುಮಾನವಿರುವ ನೀರಿಗೆ ಮಾನಕದಲ್ಲೇ ದಾರಿಯಿದೆ: ಈ ನೀರಿನಿಂದ ಮಾಡಿದ ಕನಿಷ್ಠ ಮೂರು ಕ್ಯೂಬ್‌ಗಳ 28 ದಿನದ ಸರಾಸರಿ ಬಲವು ಬಟ್ಟಿ ಇಳಿಸಿದ ನೀರಿನ ಕ್ಯೂಬ್‌ಗಳ ಬಲದ ಶೇ. 90ಕ್ಕಿಂತ ಕಡಿಮೆಯಾಗಬಾರದು.

ಉತ್ತರ 2:
ನಮ್ಮದು ಕುಂದಾಪುರದ ಕಡೆ, ಹಿನ್ನೀರಿನ ಅಂಚಿನ ಮನೆ. ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪಾಗುತ್ತದೆಂದು ತಿಳಿದಿದ್ದರೂ ಅದರಲ್ಲೇ ಸಜ್ಜಾ ಹಾಕಿಸಿದೆವು. ಕೆಲವು ವರ್ಷ ಏನೂ ಕಾಣಲಿಲ್ಲ; ಆಮೇಲೆ ಕಂಬಿಯ ಉದ್ದಕ್ಕೂ ಬಿರುಕು ಬಿಟ್ಟು ಸಿಮೆಂಟ್ ಕಳಚಿ ಬಿತ್ತು. ಕ್ಯೂರಿಂಗ್‌ಗೂ (ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿಡಲೂ) ಒಳ್ಳೆಯ ನೀರನ್ನೇ ಹಾಕಿಸಿ.

ಪ್ರಶ್ನೆ ಕೇಳಿದವರು:
ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟಿದ್ದೇನೆ, ಮೋಲ್ಡ್ ಮುಂದೂಡಿದ್ದೇವೆ. ಈಗಾಗಲೇ ನಿಂತಿರುವ ಕಂಬಗಳ ಗತಿಯೇನು?

ಉತ್ತರ 1:
ಲೆಕ್ಕ ಹಾಕಿ ನೋಡೋಣ. ಒಂದು ಘನ ಮೀಟರ್ ಕಾಂಕ್ರೀಟಿಗೆ 180 ಲೀಟರ್ ನೀರು ಹಿಡಿದರೆ, ಲೀಟರಿಗೆ 500 ಮಿಲಿಗ್ರಾಂನಂತೆ ಸೇರುವ ಕ್ಲೋರೈಡ್ 90 ಗ್ರಾಂ. ಗಟ್ಟಿಯಾದ ಆರ್‌ಸಿಸಿಯಲ್ಲಿ ಎಲ್ಲ ಮೂಲಗಳೂ ಸೇರಿ ಮಾನಕದ ಮಿತಿ ಘನ ಮೀಟರಿಗೆ 600 ಗ್ರಾಂ. ಮರಳು ಮತ್ತು ಸಿಮೆಂಟಿನ ಪಾಲೂ ಇದರೊಳಗೇ ಬರಬೇಕು. ಆದ್ದರಿಂದ ವರದಿಯಲ್ಲಿ ಕ್ಲೋರೈಡ್ ಮಿತಿ ಮೀರಿದ್ದರೆ ಕಂಬದಿಂದ ಪುಡಿ ಕೊರೆಸಿ ಅದನ್ನೂ ಪರೀಕ್ಷೆ ಮಾಡಿಸಿ.

ಉತ್ತರ 3:
ನೀರಿನ ಗುಣದಷ್ಟೇ ಅಳತೆಯನ್ನೂ ಗಮನಿಸಿ. 50 ಕಿಲೋ ಸಿಮೆಂಟಿಗೆ 25 ಲೀಟರ್ ಎಂದು ನಿಗದಿಯಾದ ಕಡೆ, ಸುಲಭವಾಗಿ ಹರಿಯಲೆಂದು ಇನ್ನೂ 5 ಲೀಟರ್ ಸುರಿದರೆ, ಆ ನೀರು ಎಷ್ಟೇ ಶುದ್ಧವಾಗಿದ್ದರೂ ಬಲ ಕುಗ್ಗುತ್ತದೆ. ಮೋಲ್ಡ್ ದಿನ ಮಿಕ್ಸರ್ ಪಕ್ಕದಲ್ಲಿ ನೀವೇ ನಿಂತು ಅಳತೆಯ ಬಕೆಟ್ಟಿನಲ್ಲಿ ಹಾಕಿಸಿ.