ಪದಚರ್ಚೆ: ಹೆಡ್‌ಲೈಟ್ ಪಾಲಿಶ್ ಆದ ಮೇಲೆ ‘ಟ್ರಿಗರ್’ ಆಗುವ ‘ಫಾಲ್ಟ್’ – ಬೋರ್ಡಿಗೆ ಬೇಕು, ತುರ್ತು

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಪರಿಚಯದವರದು ಇಲ್ಲೊಂದು ಕಾರ್ ಡಿಟೇಲಿಂಗ್ ಅಂಗಡಿ, ಅಂದರೆ ಗಾಡಿ ತೊಳೆದು ತಿಕ್ಕಿ ಹೊಳಪು ಕೊಡುವ ಅಂಗಡಿ. ಗೋಡೆಗೆ ಒಂದು ಬೋರ್ಡು ಬರೆಸಬೇಕು. ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾನೆ. ಅವರು ಹೇಳಬೇಕೆಂದಿರುವುದು ಇಷ್ಟು: ಹೆಡ್‌ಲೈಟ್ ಡಿಟೇಲಿಂಗ್‌ನಿಂದ ಟ್ರಿಗರ್ ಆಗುವ ಎಲೆಕ್ಟ್ರಿಕಲ್ ಫಾಲ್ಟ್‌ಗಳಿಗೆ ನಮ್ಮ ಜವಾಬ್ದಾರಿ ಇಲ್ಲ. ಈ ಇಂಗ್ಲಿಷ್ ಪದಗಳಿಗೆ ಕನ್ನಡ ಪದ ಬೇಕು.

ಕಾರಣ ಕೇಳುತ್ತೀರಿ, ಅದಕ್ಕೆ ಹೇಳಿಬಿಡುತ್ತೇನೆ. ಕೊಡಚಾದ್ರಿ ಕಡೆ ಹೊರಟಿದ್ದ ಒಬ್ಬರು ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದರು. ಲೈಟು ಹಳದಿ ತಿರುಗಿತ್ತು. ತಿಕ್ಕಿ, ಪಾಲಿಶ್ ಹಾಕಿ, ಫಳಫಳ ಮಾಡಿ ಕೊಟ್ಟರು. ಗೇಟು ದಾಟುವುದರೊಳಗೆ ಬಲಗಡೆಯ ಇಂಡಿಕೇಟರ್ ಪಟಪಟ ಅಂತ ಎರಡರಷ್ಟು ವೇಗದಲ್ಲಿ ಮಿನುಗಲು ಶುರುವಾಯಿತು. ಲೋ ಬೀಮ್ ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ. ದೊಡ್ಡ ಜಗಳವೇ ಆಯಿತು. ‘ವಿದ್ಯುತ್ ದೋಷ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಬೇರೇನಾದರೂ ಇದೆಯಾ?

ಸಾಗರದಿಂದ:

ದೋಷ ಬೇಡವೇ ಬೇಡ. ನಮ್ಮ ಕಡೆ ದೋಷ ಅಂದರೆ ನಾಗದೋಷ, ದೃಷ್ಟಿದೋಷ. ಬೋರ್ಡು ಓದಿದವರು ಕಾರಿಗೆ ನಿಂಬೆಹಣ್ಣು ಕಟ್ಟಿಸಿಕೊಂಡು ಹೋಗುತ್ತಾರೆ. ‘ತೊಂದರೆ’ ಸಾಕು. ಡಿಟೇಲಿಂಗ್‌ಗೆ ‘ಒಪ್ಪ’ ಇದೆಯಲ್ಲ. ಬಂಗಾರಕ್ಕೆ ಒಪ್ಪ ಹಾಕುವುದು, ಒಪ್ಪ ಓರಣ, ಎಲ್ಲ ಅದೇ. ಹೆಡ್‌ಲೈಟಿಗೆ ‘ಮುಂದೀಪ’.

ತೀರ್ಥಹಳ್ಳಿಯಿಂದ:

ಮುಂದೀಪ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ನಡೆಯುವುದಿಲ್ಲ. ಸಂಸ್ಕೃತದ ದೀಪ ಬಿಟ್ಟು ಕನ್ನಡದ ಸೊಡರು ಹಿಡಿಯಿರಿ.

ಸಾಗರದಿಂದ:

ಮಳೆಗಾಲವೂ ನಿಮ್ಮ ಲೆಕ್ಕದಲ್ಲಿ ಅರಿಸಮಾಸವೇ ಆಗಬೇಕು. ಅದನ್ನು ಬಿಟ್ಟು ತೀರ್ಥಹಳ್ಳಿಯಲ್ಲಿ ಹೇಗೆ ಬದುಕುತ್ತೀರಿ?

ತೀರ್ಥಹಳ್ಳಿಯಿಂದ:

ವ್ಯಾಕರಣ ಬರೆದ ಕೇಶಿರಾಜನನ್ನು ಓದಿಕೊಂಡು ಬನ್ನಿ. ಆಮೇಲೆ ಮಾತಾಡೋಣ.

ಸಾಗರದಿಂದ:

ಓದಿದ್ದೇನೆ. 13ನೇ ಶತಮಾನದಲ್ಲೇ ಅವನು ಬಿರುದಾವಳಿಗೆ, ಅಂದರೆ ಬಿರುದುಗಳ ಸಾಲಿಗೆ, ಅರಿಸಮಾಸ ಬಿಟ್ಟುಕೊಟ್ಟಿದ್ದಾನೆ. ಅಂಗಡಿ ಬೋರ್ಡು ಬಿರುದಾವಳಿ ಅಲ್ಲದೆ ಮತ್ತೇನು?

ಭದ್ರಾವತಿಯಿಂದ:

ನಾನು ಆಟೋ ಎಲೆಕ್ಟ್ರಿಷಿಯನ್. ಸುಮ್ನೆ ಓದುತ್ತಾ ಇದ್ದೆ, ತಡೆಯಲಾಗಲಿಲ್ಲ. ಆಗಿದ್ದೇನು ಅಂತ ಗೊತ್ತಾಗದೆ ಪದ ಹುಡುಕಿದರೆ ಹೇಗೆ?

ಈಗಿನ ಲೈಟಿನ ಮುಖ ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ಅದರ ಮೇಲೆ ತೆಳು ಲೇಪ ಇರುತ್ತದೆ. ಬಿಸಿಲಿಗೆ ಆ ಲೇಪ ಸತ್ತು ಹಳದಿಯಾಗುತ್ತದೆ. 800ರಿಂದ ಶುರು ಮಾಡಿ 1000, 2000, 3000 ನಂಬರಿನ ವಾಟರ್ ಪೇಪರಿನಲ್ಲಿ ತಿಕ್ಕಿ, ಬಫ್ ಮಾಡಿ, ಹೊಸ ಲೇಪ ಕೊಡುತ್ತಾರೆ. ಕೊಡದೆ ಬಿಟ್ಟರೆ ಮತ್ತೆ ಬೇಗ ಹಳದಿ. ಇಷ್ಟರಲ್ಲಿ ಎಲ್ಲಾದರೂ ತಂತಿ ಮುಟ್ಟಿದರಾ? ಇಲ್ಲ. ತಿಕ್ಕುವುದರಿಂದ ಕರೆಂಟಿಗೆ ಏನೂ ಆಗುವುದಿಲ್ಲ. ಆಗುವುದು ಎರಡರಿಂದ: ನೀರು, ಮತ್ತೆ ಲೈಟು ಬಿಚ್ಚಿ ಹಾಕುವುದು.

ಹೆಡ್‌ಲೈಟ್ ಪೂರ್ತಿ ಮುಚ್ಚಿದ ಡಬ್ಬಿ ಅಲ್ಲ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಅದಕ್ಕೆ ಉಸಿರಾಡಲು ಹಿಂದೆ ಸಣ್ಣ ದಾರಿ ಇಟ್ಟಿರುತ್ತಾರೆ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ನೀರು ಅಲ್ಲಿಂದಲೇ ಒಳಗೆ. ಕ್ಸೆನಾನ್ ಲೈಟಾದರೆ ಇನ್ನೂ ಕಷ್ಟ. ಅದು ಹತ್ತುವ ಕ್ಷಣಕ್ಕೆ 20,000 ವೋಲ್ಟಿನ ಆಸುಪಾಸು ಬೇಕು. ಅಲ್ಲಿ ಪಸೆ ಇದ್ದರೆ ಕರೆಂಟು ಅಡ್ಡದಾರಿ ಹಿಡಿಯುತ್ತದೆ.

ಬಿಚ್ಚುವ ಕಥೆ ಬೇರೆ. ಪೋರ್ಶೆ ಬಾಕ್ಸ್‌ಸ್ಟರ್‌ನ ಮೊದಲ ಮಾದರಿ, 986 ಅಂತಾರಲ್ಲ, ಅದರಲ್ಲಿ ಮುಂದಿನ ಡಿಕ್ಕಿಯೊಳಗೆ ಒಂದು ಟೂಲ್ ಹಾಕಿ ತಿರುಗಿಸಿದರೆ ಇಡೀ ಲೈಟು ಮುಂದಕ್ಕೆ ಜಾರಿ ಬರುತ್ತದೆ. ಹೆಡ್‌ಲೈಟ್, ಇಂಡಿಕೇಟರ್, ಫಾಗ್ ಲೈಟ್ ಎಲ್ಲ ಒಂದೇ ತುಂಡು. ವಾಪಸ್ ತಳ್ಳಿದಾಗ ಲೈಟಿನ ಹಿಂಬದಿಯ, ತಂತಿ ಕೂಡಿಸುವ ಕನೆಕ್ಟರ್ ತಾನೇ ಕೂರಬೇಕು. ಸ್ವಲ್ಪ ವಾರೆಯಾದರೆ ಒಂದು ಪಿನ್ನು ಸೇರುತ್ತದೆ, ಇನ್ನೊಂದು ಇಲ್ಲ. ಒಂದು ಬಲ್ಬಿನ ಕರೆಂಟು ಕಾಣದೆ ಹೋದರೆ ಇಂಡಿಕೇಟರ್ ಜೋರಾಗಿ ಮಿನುಗುತ್ತದೆ. ಬಲ್ಬ್ ಹೋಗಿದೆ ಅಂತ ಡ್ರೈವರಿಗೆ ತಿಳಿಸುವುದಕ್ಕೇ ಹಾಗೆ ಇಟ್ಟಿರುವುದು. ನಿಮ್ಮ ಕಾರು ಯಾವುದೋ ಬರೆದಿಲ್ಲ, ಆದರೆ ಲಕ್ಷಣ ಕನೆಕ್ಟರಿನದೇ.

ಮೂರನೆಯದೂ ಒಂದಿದೆ. ಪಿನ್ನಿಗೆ ಮೊದಲೇ ಹಸಿರು ಕಿಲುಬು ಹಿಡಿದಿರುತ್ತದೆ. ಹೇಗೋ ಅಂಟಿಕೊಂಡು ಕೆಲಸ ಮಾಡುತ್ತಾ ಇರುತ್ತದೆ. ಯಾರಾದರೂ ಅಲುಗಾಡಿಸಿದ ದಿನ ಕೈ ಕೊಡುತ್ತದೆ. ಆಗುಂಬೆಯಂತೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಕಡೆ ಓಡಾಡುವ ಗಾಡಿಗಳಲ್ಲಿ ಇದು ಜಾಸ್ತಿ.

ಹೊಸನಗರದಿಂದ:

ಕಿಲುಬು! ಎಷ್ಟು ದಿನವಾಗಿತ್ತು ಈ ಪದ ನೋಡಿ. ಇತ್ತೀಚೆಗೆ ಎಲ್ಲರೂ ಎಲ್ಲದಕ್ಕೂ ತುಕ್ಕು ಎನ್ನುತ್ತಾರೆ. ತುಕ್ಕು ಕಬ್ಬಿಣಕ್ಕೆ, ಕಿಲುಬು ತಾಮ್ರ ಹಿತ್ತಾಳೆಗೆ. ತೆಲುಗಿನಲ್ಲಿ ಇದೇ ‘ಚಿಲುಮು’. ನಮ್ಮ ಕಿವಿ ಅವರಿಗೆ ಚೆವಿ ಆದ ಹಾಗೆಯೇ, ಮುಂದೆ ಇ ಬಂದರೆ ನಮ್ಮ ಕಕಾರ ಅವರಲ್ಲಿ ಚಕಾರ. ಇಷ್ಟು ಚೊಕ್ಕವಾದ ಪದ ಕೈಯಲ್ಲಿರುವಾಗ ಫಾಲ್ಟ್ ಏಕೆ? ‘ಕಿಲುಬು’ ಎಂದೇ ಬರೆಸಿ.

ಭದ್ರಾವತಿಯಿಂದ:

ಎಲ್ಲ ಫಾಲ್ಟೂ ಕಿಲುಬಲ್ಲ ಸ್ವಾಮಿ. ಪಿನ್ನು ವಾರೆಯಾದದ್ದು ಕಿಲುಬಾ?

ಹೊಸನಗರದಿಂದ:

ಪದದ ಅರ್ಥ ಹಿಗ್ಗಬಾರದು ಅಂತ ಎಲ್ಲಿದೆ?

ತೀರ್ಥಹಳ್ಳಿಯಿಂದ:

ಹಿಗ್ಗಬಹುದು. ಹರಿಯಬಾರದು.

ಶಿವಮೊಗ್ಗದಿಂದ:

ದಯವಿಟ್ಟು ‘ಟ್ರಿಗರ್ ಆಗುವ’ ಕಡೆ ಬನ್ನಿ. ‘ಉಂಟಾಗುವ’ ಹಾಕಿದರೆ ನಾವೇ ಮಾಡಿದೆವು ಅಂತ ಒಪ್ಪಿಕೊಂಡ ಹಾಗೆ ಆಗುತ್ತದೆ ಎನ್ನುತ್ತಾರೆ ಅಂಗಡಿಯವರು.

ಸಾಗರದಿಂದ:

ಕೋವಿಗಾದರೆ ಕುದುರೆ ಎಳೆಯುವುದು ಅಂತೀವಿ. ಇಲ್ಲಿಗೆ ಅದು ಬರುವುದಿಲ್ಲ. ‘ತಲೆದೋರುವ’ ನೋಡಿ. ಯಾರು ಮಾಡಿದರು ಅಂತ ಹೇಳುವುದೇ ಇಲ್ಲ.

ಹೊಸನಗರದಿಂದ:

‘ಕೆರಳುವ’. ಮೊದಲೇ ಇದ್ದದ್ದು ಕೆರಳಿತು. ಹುಣ್ಣು ಕೆರಳಿದ ಹಾಗೆ.

ಭದ್ರಾವತಿಯಿಂದ:

‘ಹೊರಬೀಳುವ’ ಅನ್ನಿ. ಗ್ಯಾರೇಜಿನಲ್ಲಿ ನಾವು ಹಾಗೇ ಹೇಳುವುದು. ಬಿಚ್ಚಿದ ಮೇಲೆ ಹೊರಬಿತ್ತು.

ಕೊಪ್ಪದಿಂದ:

ಮೊದಲ ಸಲ ಬರೆಯುತ್ತಿದ್ದೇನೆ. ಗಿರಾಕಿಯ ಕಡೆಯಿಂದ ಒಂದು ಮಾತು. ಈ ಮೂರು ಪದಕ್ಕೂ ಒಂದೇ ಅರ್ಥ ಅಲ್ಲ. ಕಿಲುಬು ಮೊದಲೇ ಇದ್ದರೆ ‘ಹೊರಬೀಳುವ’ ಸರಿ. ಆದರೆ ನೀರು ನುಗ್ಗಿಸಿದ್ದು, ಕನೆಕ್ಟರ್ ವಾರೆ ಕೂರಿಸಿದ್ದು ಅಂಗಡಿಯವರು. ಅದು ‘ತಲೆದೋರಿದ್ದು’ ಹೇಗಾಗುತ್ತದೆ? ಅದು ‘ಮಾಡಿದ್ದು’. ಒಂದು ಜಾಣ ಕ್ರಿಯಾಪದ ಹಿಡಿದು ಎಲ್ಲವನ್ನೂ ಅದರೊಳಗೆ ತುರುಕಬೇಡಿ.

ತೀರ್ಥಹಳ್ಳಿಯಿಂದ:

ಇದು ಪದಚರ್ಚೆ, ಗಿರಾಕಿಗಳ ಕಟ್ಟೆ ಅಲ್ಲ. ನನ್ನ ಸೊಡರಿಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಸಾಗರದಿಂದ:

ಕೊಡುತ್ತೇನೆ. ಲೈಟು ಬೇಡ, ಫಾಲ್ಟ್ ಬೇಡ ಎಂದು ಇಷ್ಟು ಕೂಗಾಡಿದಿರಿ. ಮೊದಲ ಸಾಲಿನಲ್ಲೇ ‘ಜವಾಬ್ದಾರಿ’ ಕೂತಿದೆ. ಜವಾಬು ಅರಬ್ಬಿ, ದಾರ್ ಪಾರಸಿ. ಅದರ ಬಗ್ಗೆ ಒಂದು ಮಾತಿಲ್ಲ. ಹಳೆಯ ಸಾಲ ಸಾಲವಲ್ಲ, ಇಂಗ್ಲಿಷಿನದು ಮಾತ್ರ ಸಾಲ, ಅಲ್ವಾ?

ತೀರ್ಥಹಳ್ಳಿಯಿಂದ:

ಜವಾಬ್ದಾರಿಯನ್ನೂ ತೆಗೆಯಿರಿ. ‘ಹೊಣೆ’ ಇದೆ. ನನಗೆ ಎರಡು ಅಳತೆಗೋಲಿಲ್ಲ.

ಸಾಗರದಿಂದ:

ದುರಸ್ತಿ? ಅದೂ ಪಾರಸಿ. ಕುರ್ಚಿ ಅರಬ್ಬಿ. ಮೇಜೂ ಹೊರಗಿನದೇ. ನೆಲದ ಮೇಲೆ ಕೂತು ಬರೆಯುತ್ತೀರಾ?

ಕೊಪ್ಪದಿಂದ:

ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ಅಂಗಡಿಯ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕು. ‘ಕಾರ್ ಡಿಟೇಲಿಂಗ್ ಸ್ಟುಡಿಯೋ’ ಎಂದು ಕನ್ನಡ ಅಕ್ಷರದಲ್ಲಿ ಬರೆದರೆ ಅದು ಎಷ್ಟು ಶೇಕಡಾ? ಇದಕ್ಕೆ ಯಾರಾದರೂ ಉತ್ತರ ಹೇಳಿದರೆ ನಾನು ಸುಮ್ಮನಾಗುತ್ತೇನೆ.

ಹೊಸನಗರದಿಂದ:

ಅಕ್ಷರ ಕನ್ನಡ, ಉಸಿರು ಪರದೇಶದ್ದು. ಸೊನ್ನೆ.

ಭದ್ರಾವತಿಯಿಂದ:

ನಮ್ಮ ಹುಡುಗರು ‘ಶಾರ್ಟಾಗಿದೆ’, ‘ಲೂಸ್ ಇದೆ’, ‘ಅರ್ಥ್ ಸಿಗ್ತಿಲ್ಲ’ ಅಂತಾರೆ. ‘ಆಗು’, ‘ಇರು’, ‘ಸಿಗು’ ಎಲ್ಲ ಕನ್ನಡವೇ ತಾನೆ? ಅವರನ್ನು ಸೊನ್ನೆ ಅಂದರೆ ನಾನು ಒಪ್ಪುವುದಿಲ್ಲ.

ಹೊಸನಗರದಿಂದ:

ಹುಡುಗರನ್ನು ಅಂದದ್ದಲ್ಲ, ಸ್ಟುಡಿಯೋವನ್ನು ಅಂದದ್ದು. ‘ಸಿಗು’ ಬಗ್ಗೆ ಆಮೇಲೆ ಬೇರೆಯೇ ಬರೆಯುತ್ತೇನೆ, ಅದರದು ದೊಡ್ಡ ಕಥೆ.

ಶಿವಮೊಗ್ಗದಿಂದ:

ಬರೆಯಿರಿ, ಆದರೆ ನಾಳೆ ಬರೆಯಿರಿ. ಪೇಂಟರಿಗೆ ಕೊಡುವುದು ಹೀಗೆ. ಕೊಪ್ಪದವರ ಮಾತು ಅಂಗಡಿಯವರಿಗೆ ಹಿಡಿಸಲಿಲ್ಲ, ಆದರೂ ಒಪ್ಪಿಸಿದ್ದೇನೆ:

“ಹೆಡ್‌ಲೈಟ್ ಪಾಲಿಶ್‌ಗೆ ಮೊದಲು ನಿಮ್ಮೆದುರೇ ಎಲ್ಲ ಲೈಟು ಹಾಕಿ ನೋಡುತ್ತೇವೆ. ಒಳಗೆ ಮೊದಲೇ ಇದ್ದ ಕಿಲುಬು, ಲೂಸ್ ಕನೆಕ್ಷನ್ ಆಮೇಲೆ ಹೊರಬಿದ್ದರೆ ನಾವು ಹೊಣೆಯಲ್ಲ. ನಮ್ಮ ಕೈಯಿಂದ ಆದ ತೊಂದರೆಯನ್ನು ನಾವೇ ಸರಿ ಮಾಡಿಕೊಡುತ್ತೇವೆ.”

‘ಒಪ್ಪ’ ಹಾಕೋಣ ಎಂದೆ. ಒಪ್ಪಿಗೆ ಪತ್ರ ಅಂದುಕೊಳ್ಳುತ್ತಾರೆ, ಬೇಡ ಎಂದರು.

ತೀರ್ಥಹಳ್ಳಿಯಿಂದ:

‘ಹೊಣೆಯಲ್ಲ’ ಒಂದು ಉಳಿಯಿತು. ಮಿಕ್ಕದ್ದು ನಿಮ್ಮಿಷ್ಟ.

ಭದ್ರಾವತಿಯಿಂದ:

ಬೋರ್ಡು ಚೆನ್ನಾಗಿದೆ. ಆ ಕಾರಿನ ಕನೆಕ್ಟರ್ ಬಿಚ್ಚಿ ನೋಡಿದರಾ, ಇಲ್ವಾ? ಬ್ಯಾಟರಿ ತೆಗೆದಿಟ್ಟು ಮಾಡಲು ಹೇಳಿ.