ನರ್ಸ್‌ಗಳ ಬರ್ನ್‌ಔಟ್ ಅಳೆಯೋದು: ಮಾಡಿದವರು ಹೇಳಿ

ಕೇಳಿದವರು, ಪುಣೆ: ನಾನು ಬೆಳಗಾವಿ ಕಡೆಯವಳು. ಇಲ್ಲಿ ಎಂ.ಎಸ್‌ಸಿ. ನರ್ಸಿಂಗ್ ಓದುತ್ತಿದ್ದೇನೆ. ತಲೆಯಲ್ಲಿ ತಾನಾಗೇ ಏಳುವ ನೆಗೆಟಿವ್ ಯೋಚನೆಗೂ ಬರ್ನ್‌ಔಟ್‌ಗೂ (ಕೆಲಸದ ಒತ್ತಡಕ್ಕೆ ಬಳಲಿ ಬೆಂಡಾಗೋದು) ಏನು ನಂಟು ಅಂತ ಥೀಸಿಸ್. ಯಾವ ಪ್ರಶ್ನಾವಳಿ ತಗೊಳ್ಳಲಿ? ಸಿಸ್ಟರ್‌ಗಳು ನಿಜ ಬರೆಯುತ್ತಾರಾ?

ಪರೇಲ್, ಮುಂಬೈ: ಯೋಚನೆಗೆ ಎಟಿಕ್ಯು (ಆಟೋಮ್ಯಾಟಿಕ್ ಥಾಟ್ಸ್ ಕ್ವೆಶ್ಚನೇರ್) ತಗೋ ತಂಗಿ. ಹೊಲನ್ ಮತ್ತು ಕೆಂಡಾಲ್ 1980ರಲ್ಲಿ ಮಾಡಿದ್ದು. 30 ವಾಕ್ಯ, ಒಂದೊಂದಕ್ಕೂ 1ರಿಂದ 5 ಅಂಕ, ಒಟ್ಟು 30ರಿಂದ 150, ಅಂಕ ಹೆಚ್ಚಾದಷ್ಟೂ ನೆಗೆಟಿವ್ ಯೋಚನೆ ಹೆಚ್ಚು. ನನ್ನ ಕೈಲಿ ಏನೂ ಆಗಲ್ಲ ಅನ್ನೋ ಥರದ ಮಾತು ಕಳೆದ ವಾರ ಎಷ್ಟು ಸಲ ತಲೆಗೆ ಬಂತು ಅಂತ ಕೇಳುತ್ತದೆ. ಬರ್ನ್‌ಔಟ್‌ಗೆ ಮಾಸ್ಲಾಕ್ ಅನ್ನೋ ಪ್ರಶ್ನಾವಳಿ ಇದೆ, 22 ಪ್ರಶ್ನೆ, ಆದರೆ ದುಡ್ಡು ಕೊಟ್ಟು ಲೈಸೆನ್ಸ್ ತಗೊಳ್ಳಬೇಕು. ಬೇಡ ಅಂದ್ರೆ ಕೋಪನ್‌ಹೇಗನ್ ಇನ್ವೆಂಟರಿ ನೋಡು, 19 ಪ್ರಶ್ನೆ, ಪುಕ್ಕಟೆ ಸಿಗುತ್ತದೆ. ಮಾಸ್ಲಾಕ್ ತಗೊಂಡ್ರೆ ಮೂರು ಭಾಗಕ್ಕೆ ಮೂರು ಅಂಕ ಇರಲಿ: ಮನಸ್ಸು ಬಸವಳಿಯೋದಕ್ಕೆ 9 ಪ್ರಶ್ನೆ, ಪೇಷಂಟ್ ಬಗ್ಗೆ ಕಲ್ಲಾಗೋದಕ್ಕೆ 5, ಕೆಲಸದ ತೃಪ್ತಿಗೆ 8. ಕೊನೆಯದರಲ್ಲಿ ಅಂಕ ಕಡಿಮೆ ಬಂದರೇ ತೊಂದರೆ. ಮೂರನ್ನೂ ಕೂಡಿ ಒಂದೇ ಅಂಕಿ ಮಾಡಿದ ಥೀಸಿಸ್‌ಗಳು ಬೇಕಾದಷ್ಟಿವೆ, ಗೈಡ್‌ಗಳೂ ಸುಮ್ನೆ ಸಹಿ ಹಾಕುತ್ತಾರೆ.

ಇನ್ನೊಂದು. ಎಟಿಕ್ಯು ಕೇಳೋದು ಒಂದು ವಾರದ ಮಾತು, ಮಾಸ್ಲಾಕ್‌ನ ಉತ್ತರ ಯಾವತ್ತೂ ಇಲ್ಲ, ವರ್ಷಕ್ಕೆ ಕೆಲವೇ ಸಲ ಅನ್ನೋದರಿಂದ ದಿನಾ ಅನ್ನೋ ತನಕ ಹೋಗುತ್ತದೆ. ಈಗಷ್ಟೇ ನೈಟ್ ಮುಗಿಸಿ ಬಂದವಳಿಗೂ ಆಫ್ ಮುಗಿಸಿ ಊರಿಂದ ಬಂದವಳಿಗೂ ಆ ವಾರ ಒಂದೇನಾ? ಅಲ್ಲ. ಹಾಗಾಗಿ ವಾರ್ಡ್ ಯಾವುದು, ಕಳೆದ ವಾರ ಎಷ್ಟು ನೈಟ್, ಒಬ್ಬರಿಗೆ ಎಷ್ಟು ಪೇಷಂಟ್, ಎಲ್ಲ ಕೇಳು.

ಪಿಂಪ್ರಿ: ನಾನು ಇಂಥ ಹಾಳೆ ತುಂಬಿದವಳು, ಆ ಕಡೆಯಿಂದ ಹೇಳುತ್ತೇನೆ. ಬೆಳಗ್ಗೆ ಹ್ಯಾಂಡೋವರ್ ಹೊತ್ತಿಗೆ ಇನ್‌ಚಾರ್ಜ್ ಸಿಸ್ಟರ್ ಕೈಗೆ ಕೊಟ್ಟರು, ತುಂಬಿದ್ದನ್ನು ಔಷಧಿ ಟ್ರಾಲಿ ಮೇಲೆ ಇಡಿ ಅಂದರು. ಹೆಸರು ಬರೆಯಬೇಡಿ ಅಂತ ಮೇಲೆ ದಪ್ಪಕ್ಷರದಲ್ಲಿತ್ತು. ಕೆಳಗೆ ವಯಸ್ಸು, ವಾರ್ಡ್, ಎಷ್ಟು ವರ್ಷದ ಸರ್ವಿಸ್, ಮಾತೃಭಾಷೆ! ನಮ್ಮ ವಾರ್ಡಲ್ಲಿ ಮಿಕ್ಕವರೆಲ್ಲ ಮರಾಠಿ, ಮಲಯಾಳಿ, ಕನ್ನಡದವಳು ನಾನೊಬ್ಬಳೇ. ಇನ್ನು ಹೆಸರು ಯಾಕೆ ಬೇಕು? ಸರ್ರಂತ 1, 1, 1 ಅಂತ ಗುರುತು ಹಾಕಿ ಮನೆಗೆ ಹೋದೆ. ನಿಮಗೆ ನಿಜ ಬೇಕು ಅಂದ್ರೆ ಅಂಟಿಸೋ ಲಕೋಟೆ ಕೊಡಿ, ಚೇಂಜಿಂಗ್ ರೂಮಲ್ಲಿ ಬೀಗ ಹಾಕಿದ ಡಬ್ಬಿ ಇಡಿ, ಮನೆಗೆ ಒಯ್ದು ತುಂಬೋಕೆ ಬಿಡಿ. ಪರೇಲ್ ಅಕ್ಕ ವಾರ್ಡ್ ಕೇಳು ಅಂದ್ರು, ಸರಿ, ಆದರೆ ಐಸಿಯು, ಜನರಲ್ ಅಂತ ಎರಡೇ ಇಡಿ. ವಯಸ್ಸನ್ನೂ ಹಾಗೇ, 20-29, 30-39 ಅಂತ. ಮನೆಗೆ ಒಯ್ಯೋಕೆ ಬಿಟ್ಟರೆ ಹಾಳೆ ವಾಪಸ್ ಬರೋದು ಕಡಿಮೆಯಾಗುತ್ತದೆ, ಆಗಲಿ.

ಪಣಜಿ: ಎರಡೂ ಹಾಳೆ ಒಂದೇ ದಿನ ತುಂಬಿಸಿದರೆ ಯಾವುದರಿಂದ ಯಾವುದು ಬಂತು ಅಂತ ಹೇಳೋಕಾಗಲ್ಲ, ನಂಟಿದೆ ಅಂತಷ್ಟೇ ಬರೆಯಿರಿ. ಯೋಚನೆ ಸರಿಯಿಲ್ಲ, ಅದಕ್ಕೇ ಬರ್ನ್‌ಔಟ್ ಅಂತ ಬರೆದರೋ, ಮ್ಯಾನೇಜ್‌ಮೆಂಟ್‌ಗೆ ಹಬ್ಬ. ಒಂದು ಯೋಗ ಕ್ಲಾಸ್ ಇಟ್ಟು ಕೈ ತೊಳೆದುಕೊಳ್ಳುತ್ತಾರೆ, ಖಾಲಿ ಪೋಸ್ಟ್ ಖಾಲಿಯೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಬರ್ನ್‌ಔಟ್ ಕೆಲಸದಿಂದ ಹುಟ್ಟುವ ಸ್ಥಿತಿ, ಕಾಯಿಲೆ ಅಲ್ಲ ಅಂತ. ಮತ್ತೆ, ಹೆಸರಿಲ್ಲದ ಹಾಳೆಯಲ್ಲಿ ಯಾರದೋ ಎಟಿಕ್ಯು ಅಂಕ 140 ಬಂದರೆ ಅವರನ್ನು ಎಲ್ಲಿ ಅಂತ ಹುಡುಕುತ್ತೀರಿ? ಪ್ರತಿಯೊಬ್ಬರಿಗೂ ಹರಿದಿಟ್ಟುಕೊಳ್ಳೋ ಚೀಟಿ ಕೊಡಿ, ಅದರಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇರಲಿ. ಅಧ್ಯಯನಕ್ಕೆ ಒಪ್ಪಿಗೆ ಕೊಡೋ ಎಥಿಕ್ಸ್ ಕಮಿಟಿಯವರೂ ಮೊದಲು ಕೇಳೋದು ಇದನ್ನೇ.